ಸರಪಳಿ ಕಟ್ಟುವ ಜಾಗ

ಮಾರ್ಚ್ 4, ಬೆಳಿಗ್ಗೆ

ಟ್ರ್ಯಾಕ್ಟರಿನಿಂದ ರೋಲರ್ ಕಳಚಿ ಟ್ರಾಲಿ ಸಿಕ್ಕಿಸಿದೆ. ಪಿನ್ನಿಗೆ ತುಕ್ಕು, ಸುತ್ತಿಗೆಯಿಂದ ಎರಡೇಟು ಬೇಕಾಯಿತು. ಇವರು ಹಾಸಿಗೆಯಿಂದಲೇ ಕೂಗಿದರು, "ಕ್ಲಿಪ್ ಹಾಕಿದ್ಯಾ?" ಕಿಟಕಿ ತೆರೆದಿದ್ದರೆ ಸಾಕು, ಟ್ರ್ಯಾಕ್ಟರಿನ ಸದ್ದಿನಲ್ಲೇ ನನ್ನ ತಪ್ಪು ಹಿಡಿಯುತ್ತಾರೆ.

ಇದೇ ಪುಟ್ಟ ಟ್ರ್ಯಾಕ್ಟರ್ ಮಗುಚಿ ಇವರ ಸೊಂಟ ಮುರಿದು ಎಂಟು ತಿಂಗಳು. ಇವರು ಮಾಡುತ್ತಿದ್ದ ಆಸ್ಪತ್ರೆಯ ತೋಟದ ಕೆಲಸ ಆಗ ನನಗೆ ಬಂತು. ಕೆಲಸ ಇರುವ ತನಕ ಈ ಎರಡು ಕೋಣೆ. ಕೊಡಿಸಿದ್ದು ಭಾವ — ಇವರ ಅಣ್ಣ, ಇಲ್ಲಿಯ ಸೂಪರ್‌ವೈಸರ್. ದಿನಕ್ಕೊಮ್ಮೆ ಅದನ್ನು ನೆನಪಿಸದಿದ್ದರೆ ಅವರಿಗೆ ಉಂಡಿದ್ದು ಅರಗದು.

ಮಾರ್ಚ್ 6

ಅಕ್ಕನ ಫೋನ್. ಅವಳ ಊರಿನ ನರ್ಸರಿಯಲ್ಲಿ ಕೆಲಸ ಇದೆಯಂತೆ. "ಅವರನ್ನೂ ಕರ್ಕೊಂಡು ಬಾರೇ."

ಇವರಿಗೆ ಹೇಳಿದೆ. ಗೋಡೆ ಕಡೆ ಮುಖ ತಿರುಗಿಸಿದರು. "ಇಲ್ಲಿಂದ ಎಲ್ಲಿಗೂ ಹೋಗೋ ಹಾಗಿಲ್ಲ."

ಯಾಕೆ ಎಂದೆ. ಹೊದಿಕೆ ಮುಖದ ಮೇಲೆ ಎಳೆದುಕೊಂಡರು.

ಮಾರ್ಚ್ 11, ಮಧ್ಯಾಹ್ನ

ಪಾರ್ಕಿಂಗ್ ದೊಡ್ಡದು ಮಾಡಲು ಮರದ ಬೊಡ್ಡೆ ಕೀಳಬೇಕು. ಭಾವ ಸರಪಳಿ ತಂದು ಎಸೆದರು.

"ಸೀಟಿನ ಹಿಂದಿನ ಕಂಬಿಗೆ ಕಟ್ಟಮ್ಮ. ಎತ್ತರದಿಂದ ಎಳೆದ್ರೆ ಬೇಗ ಬರುತ್ತೆ."

"ಟ್ರಾಲಿ ಸಿಕ್ಕಿಸೋ ಕೆಳಗಿನ ಹಿಚ್‌ಗೆ ಅಲ್ವಾ ಭಾವ? ಮೇಲೆ ಕಟ್ಟಿದ್ರೆ ಮುಂದಿನ ಚಕ್ರ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತೆ."

"ನಿನ್ನ ಗಂಡಾನೂ ಅವತ್ತು ಹೀಗೇ ವಾದ ಮಾಡಿದ್ದ."

ಹೇಳಿ ನಾಲಿಗೆ ಕಚ್ಚಿಕೊಂಡರು. ಮೇಲೆ ಕಟ್ಟಿದ್ದು ಇವರದೇ ತಪ್ಪು ಎಂದು ಎಂಟು ತಿಂಗಳಿಂದ ನಂಬಿದ್ದೇನೆ. ಬೈದೂ ಇದ್ದೇನೆ...

ಸಂಜೆ

ಇವರ ಕಾಲು ಒರೆಸುತ್ತಾ ಕೇಳಿದೆ.

"ಅಣ್ಣನೇ ಕಟ್ಟಿಸಿದ್ದು. ನಂದೇ ತಪ್ಪು ಅಂತ ಆಸ್ಪತ್ರೆಗೆ ಬರೆದು ಕೊಟ್ಟಿದೀನಿ. ಬರೆದ್ರೆ ಮನೆ ಉಳಿಸ್ತೀನಿ, ಕೆಲಸ ನಿಂಗೆ ಕೊಡಿಸ್ತೀನಿ ಅಂದ."

"ನಾನು ಅಷ್ಟು ಬೈದಾಗ್ಲೂ ಹೇಳಲಿಲ್ವಲ್ಲ ರೀ."

"ಹೇಳಿದ್ರೆ ನೀನು ಸುಮ್ನಿರ್ತಿದ್ಯಾ? ನನ್ನ ಹೊತ್ಕೊಂಡು ಎಲ್ಲಿಗೆ ಹೋಗ್ತಿದ್ದೆ?"

ಅತ್ತ ದರಿ, ಇತ್ತ ಪುಲಿ. ಕಾಲು ಮುಟ್ಟಿದರೆ ಇವರಿಗೆ ತಿಳಿಯುವುದಿಲ್ಲ. ಆದರೂ ಹಿಡಿದುಕೊಂಡೇ ಕೂತಿದ್ದೆ.

ಮಾರ್ಚ್ 12

ಕೆಳಗಿನ ಹಿಚ್‌ಗೇ ಕಟ್ಟಿದೆ. ಬಿಚ್ಚಿ ಕಂಬಿಗೆ ಕಟ್ಟು ಎಂದರು ಭಾವ.

"ನೀವು ಹೇಳಿ ಮೇಲೆ ಕಟ್ಟಿಸಿದ್ದು ಅಂತ ಬರೆದು ಕೊಡಿ. ಕಟ್ತೀನಿ."

ಮುಖ ಸುಟ್ಟ ಬದನೆಕಾಯಿಯಾಯಿತು. "ಹಾಗಾದ್ರೆ ಮನೆ ಖಾಲಿ ಮಾಡು. ಮೂರು ದಿನ ಟೈಮು."

ಮಾರ್ಚ್ 15, ಬೆಳಿಗ್ಗೆ 7

ನರ್ಸರಿಗೆ ಬೇರೆ ಯಾರೋ ಸೇರಿದರಂತೆ. ಅಕ್ಕ ಅತ್ತಳು. ಪಾತ್ರೆ ಕಟ್ಟಿದ್ದೇನೆ — ಎಲ್ಲಿಗೆಂದು ಗೊತ್ತಿಲ್ಲ.

ಇವರು ಹಾಳೆ ಕೇಳಿದರು. "ದೊಡ್ಡ ಡಾಕ್ಟರಿಗೆ ಬರೀತೀನಿ. ಅವತ್ತು ಏನಾಯ್ತೋ ಅದನ್ನೇ."

"ಮನೆ?"

"ಹೇಗೂ ಹೋಯ್ತಲ್ಲ."

ಮಲಗಿಕೊಂಡೇ ಬರೆಯುತ್ತಿದ್ದಾರೆ. ಒಂದೊಂದು ಅಕ್ಷರಕ್ಕೂ ಉಸಿರು ಎಳೆದುಕೊಳ್ಳುತ್ತಾರೆ. ಹಾಳೆಯಡಿಯ ಹಲಗೆ ಹಿಡಿದಿರುವುದು ನನ್ನ ಎಡಗೈ, ಬಲಗೈ ಈ ಡೈರಿಯಲ್ಲಿ.

ಭಾವ ಬಾಗಿಲು ಬಡಿಯುತ್ತಿದ್ದಾರೆ. ಇಬ್ಬರು ಆಳುಗಳ ದನಿಯೂ ಕೇಳಿಸುತ್ತಿದೆ. ಇವರದು ಇನ್ನೂ ಐದನೇ ಸಾಲು. ಸಹಿ ಬೀಳುವ ತನಕ ಚಿಲಕ ತೆಗೆಯುವುದಿಲ್ಲ. ತಲೆ ಎತ್ತಿ ಕೇಳಿದರು, ಸರಪಳಿ ಎಲ್ಲಿಗೆ ಕಟ್ಟಿದ್ದು ಅಂತ ಬರೀಲಿ, ಕಂಬಿಗೆ ಅಂದ್ರೆ ಡಾಕ್ಟರಿಗೆ ತಿಳಿಯುತ್ತಾ... ಹೇಳುತ್ತಿದ್ದೇನೆ, ಸೀಟಿನ ಹಿಂದೆ ಅಂತ ಬರೀರಿ, ಅಣ್ಣ ಹೇಳಿದ್ದಕ್ಕೆ ಅಂತಲೂ —