ಮತ ಹಾಕುವ ಮೊದಲೇ ಕಪ್ಪಾದ ಬೆರಳು

ಮೈಸೂರು, ಮಾರ್ಚ್ ೧೯೬೨

ಬೆರಳನ್ನು ನಂಬಿ ಪಟ್ಟಿಯನ್ನು ನಂಬದ ಮಾನ್ಯ ಚುನಾವಣಾಧಿಕಾರಿಗಳೇ,

ಕಳೆದ ತಿಂಗಳ ಮಹಾಚುನಾವಣೆಯ ದಿನ ನಜರ್‌ಬಾದಿನ ಒಂದು ಮತಗಟ್ಟೆಯಲ್ಲಿ ನಿಮ್ಮ ಕೈಕೆಳಗಿನ ಅಧಿಕಾರಿಯೊಬ್ಬರು ನನ್ನನ್ನು ಕಳ್ಳ ವೋಟಿನವಳೆಂದು ಕರೆದು ಹೊರಗೆ ಕಳಿಸಿದರು. ನಾನು ಮಾಡಿದ ಅಪರಾಧ ಇಷ್ಟೇ. ನಿಮ್ಮ ಚುನಾವಣೆಗೆ ಬೇಕಾದ ಅಳಿಸಲಾಗದ ಶಾಯಿಯನ್ನು ಸೀಸೆಗೆ ತುಂಬುವ ಕೆಲಸ ನನ್ನದು. ದೇಶದ ಬೆರಳಿಗೆಲ್ಲ ಗುರುತು ಹಾಕಲು ಶಾಯಿ ತುಂಬಿಕೊಟ್ಟವಳ ಬೆರಳಿಗೂ ಸ್ವಲ್ಪ ಅಂಟಿಕೊಂಡಿತ್ತು. ಅದಕ್ಕೆ ಸಿಕ್ಕಿದ ಬಹುಮಾನದ ಬಗ್ಗೆ ತಮಗೆ ಈ ಪತ್ರ.

ನಾನು ಎಸ್.ಎಸ್.ಎಲ್.ಸಿ. ಮುಗಿಸಿ ಈ ಊರಿನ ಬಣ್ಣದ ಕಾರ್ಖಾನೆಯಲ್ಲಿ ಮೂರು ವರ್ಷದಿಂದ ದುಡಿಯುತ್ತಿದ್ದೇನೆ. ಕಳೆದ ವರ್ಷದ ಕೊನೆಯಲ್ಲಿ ನಮ್ಮನ್ನು ಶಾಯಿಯ ವಿಭಾಗಕ್ಕೆ ಹಾಕಿದರು. ಸೀಸೆ ತುಂಬುವುದು, ಬಿರಡೆ ಬಿಗಿಯುವುದು, ಮೇಲೆ ಅರಗು ಹಾಕುವುದು. ಕೈಗವಸು ಕೊಟ್ಟಿದ್ದಾರೆ, ಬಿರಡೆ ಜಾರುತ್ತದೆಂದು ನಾವೇ ಬಿಚ್ಚಿಡುತ್ತೇವೆ. ಆ ತಪ್ಪು ನಮ್ಮದೇ, ಒಪ್ಪುತ್ತೇನೆ. ಶಾಯಿ ತಗಲಿದಾಗ ನೇರಳೆ, ಬಿಸಿಲು ಕಂಡರೆ ಕಪ್ಪು. ಸಾಬೂನು, ಸೀಗೆಪುಡಿ, ಹುಣಸೇಹಣ್ಣು, ಯಾವುದಕ್ಕೂ ಜಗ್ಗುವುದಿಲ್ಲ. ಹಾಗೆ ಜಗ್ಗಬಾರದೆಂದೇ ತಾವು ಅದನ್ನು ಮಾಡಿಸಿದ್ದು.

ಅವತ್ತು ಬೆಳಿಗ್ಗೆ ಕಾರ್ಖಾನೆಗೆ ಹೋಗಿ ಅರ್ಧ ದಿನದ ರಜೆಯ ಅರ್ಜಿ ಕೊಟ್ಟು ಬಂದು, ಹತ್ತು ಗಂಟೆಗೆ ನನ್ನ ತಾಯಿ ಕ್ಯಾಥರೀನಮ್ಮನವರ ಜೊತೆ ಸಾಲಿನಲ್ಲಿ ನಿಂತೆ. ನನಗೆ ಇಪ್ಪತ್ತನಾಲ್ಕು ವರ್ಷ; ಇದೇ ನನ್ನ ಮೊದಲ ಮತ. ಕ್ರಿಸ್‌ಮಸ್‌ಗೆ ತೆಗೆದಿದ್ದ ಸೀರೆ ಉಟ್ಟಿದ್ದೆ. ನಗಬೇಡಿ, ಮೊದಲ ಸಲ ಹೋಗುವವರಿಗೆ ಅದು ಹಬ್ಬವೇ. ಅಮ್ಮ ಮುಂದೆ ಹೋದರು, ಬೆರಳಿಗೆ ಗುರುತು ಹಾಕಿಸಿಕೊಂಡು ಮತ ಹಾಕಿ ಬಾಗಿಲ ಹತ್ತಿರ ನಿಂತರು. ನನ್ನ ಸರದಿ ಬಂದಾಗ ಅಧಿಕಾರಿಗಳು ನನ್ನ ಎಡಗೈ ಹಿಡಿದು ನೋಡಿ, ಸುತ್ತಲಿನವರಿಗೆಲ್ಲ ಕೇಳುವ ಹಾಗೆ ಕೇಳಿದರು:

"ಬೆಳಿಗ್ಗೆ ಎಲ್ಲಿ ಹಾಕ್ಬಿಟ್ಟು ಬಂದ್ಯಮ್ಮ?"

ನಾನು ನನ್ನ ಕೆಲಸ ಏನೆಂದು ಹೇಳಿದೆ. ಎರಡೂ ಕೈ ಬಿಡಿಸಿ ತೋರಿಸಿದೆ. ಬಲಗೈ ಹೆಬ್ಬೆರಳೂ ಸೇರಿ ಆರು ಬೆರಳು ಕಪ್ಪಾಗಿದ್ದವು. ನನ್ನ ಹಿಂದಿದ್ದ ಪಕ್ಕದ ಮನೆಯ ಸರೋಜಮ್ಮನವರು, ಈ ಹುಡುಗಿ ಶಾಯಿ ತುಂಬುವ ಕೆಲಸದವಳೆಂದು ನನ್ನ ಪರವಾಗಿ ಮಾತಾಡಿದರು. ಸಾಕ್ಷಿ ಹೇಳಲು ಇದು ಕೋರ್ಟಲ್ಲ ಎಂದು ಅವರ ಬಾಯಿ ಮುಚ್ಚಿಸಿದರು. ಬೆಂಚಿನ ಮೇಲೆ ಕುಳಿತಿದ್ದ ಪಕ್ಷದ ಏಜೆಂಟರೊಬ್ಬರು ಜೋರಾಗಿ ನಕ್ಕರು. ಆಗ ನಾನು ಹೇಳಿದ್ದು ಇದು:

"ನಿಮ್ಮ ಮೇಜಿನ ಮೇಲಿರೋ ಸೀಸೆಗೆ ಅರಗು ಹಾಕ್ದೋಳು ನಾನೇ ಇರಬೋದು ಸಾರ್. ಪಟ್ಟೀಲಿ ನನ್ನ ಹೆಸರು ನೋಡಿ. ಅದಕ್ಕೆ ಗೆರೆ ಎಳ್ದಿದ್ರೆ ನಾನೇ ಹೊರಟೋಗ್ತೀನಿ."

ಅವರು ನೋಡಿದರು. ಮತ ಹಾಕಿದವರ ಹೆಸರಿಗೆ ಎಳೆಯುವ ಗೆರೆ ಅಲ್ಲಿ ಇರಲಿಲ್ಲ. ಅದು ಇಲ್ಲದಿರುವುದನ್ನು ಅವರೂ ಕಂಡರು, ನಾನೂ ಕಂಡೆ. ಆಮೇಲೆ ಪಟ್ಟಿ ಮುಚ್ಚಿ ಹೇಳಿದರು:

"ಪಟ್ಟಿ ಸುಳ್ಳು ಹೇಳ್ಬೋದಮ್ಮ, ಬೆರಳು ಹೇಳಲ್ಲ. ಇನ್ನೊಂದು ಮಾತಾಡಿದ್ರೆ ಪೊಲೀಸ್ನೋರನ್ನ ಕರೀಬೇಕಾಗುತ್ತೆ."

ಮಾನ್ಯರೇ, ಆರು ಬೆರಳಿಗೆ ಆರು ಮತವೆಂದು ಬರೆದುಕೊಂಡರೋ, ಒಂದೇ ಎಂದೋ? ಮತ ಹಾಕಿದವರ ಬಲಗೈ ಹೆಬ್ಬೆರಳಿಗೂ ನಿಮ್ಮವರು ಶಾಯಿ ಹಚ್ಚುತ್ತಾರೆಯೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ನಿಮ್ಮ ಮತಗಟ್ಟೆಯಲ್ಲಿ ಕನ್ನಡಿ ಹಿಡಿದರೂ ಕಾಣಲಿಲ್ಲ. ಎಡಗೈ ತೋರುಬೆರಳಿನಲ್ಲಿ ಗುರುತು ಇದ್ದವರಿಗೆ ಮತಪತ್ರ ಕೊಡಕೂಡದೆಂದು ನಿಯಮವಿದೆ ಎನ್ನುವಿರಿ. ಇದೆ, ಓದಿಕೊಂಡು ಬಂದಿದ್ದೇನೆ. ಆ ನಿಯಮ ಬರೆದ ಮಹನೀಯರು ಶಾಯಿ ಆಕಾಶದಿಂದ ಉದುರುತ್ತದೆಂದು ತಿಳಿದಿದ್ದರೇ? ಅದನ್ನು ಯಾರೋ ಕೈಯಲ್ಲಿ ಮುಟ್ಟಿ ತುಂಬಬೇಕು, ಆ ಕೈಗೂ ಒಂದು ಮತವಿದೆ ಎಂಬುದು ದೆಹಲಿಯಿಂದ ಮೈಸೂರಿನವರೆಗೆ ಒಬ್ಬರಿಗೂ ಹೊಳೆಯಲಿಲ್ಲವೇ? ಸಂವಿಧಾನ ನನಗೆ ಮತ ಕೊಟ್ಟು ಹನ್ನೆರಡು ವರ್ಷವಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವುದು ಇದಕ್ಕೇ.

ಇನ್ನೂ ಒಂದು ವಿಷಯ ಕೇಳಿ. ನನ್ನ ಪಕ್ಕದಲ್ಲೇ ಕುಳಿತು ಬಿರಡೆ ಬಿಗಿಯುವ ನಾಗಮಣಿ ಅಶೋಕಪುರಂನವಳು. ಅವಳ ಕೈ ನನಗಿಂತ ಕಪ್ಪು. ಅಲ್ಲಿನ ಅಧಿಕಾರಿಗಳು ಪಟ್ಟಿ ನೋಡಿದರಂತೆ, ಎರಡು ಪ್ರಶ್ನೆ ಕೇಳಿದರಂತೆ, ಶುದ್ಧವಾಗಿದ್ದ ಕಿರುಬೆರಳಿಗೆ ಗುರುತು ಹಾಕಿ ಮತಪತ್ರ ಕೊಟ್ಟರಂತೆ. ಒಂದೇ ಊರು, ಒಂದೇ ದಿನ, ಒಂದೇ ಶಾಯಿ. ಅಶೋಕಪುರಂನಲ್ಲಿ ಪ್ರಜೆ, ನಜರ್‌ಬಾದಿನಲ್ಲಿ ಕಳ್ಳಿ. ಆ ಪುಣ್ಯಾತ್ಮರು ನಿಯಮ ಮುರಿದರೆಂದು ಅವರ ಮೇಲೆ ಕ್ರಮ ತೆಗೆದುಕೊಳ್ಳಲು ಹೊರಡಬೇಡಿ, ಕೈಮುಗಿಯುತ್ತೇನೆ. ಅವರು ಮಾಡಿದ್ದನ್ನೇ ನಿಯಮ ಮಾಡಿ. ನಮ್ಮಲ್ಲಿ ಇದೇ ಕೆಲಸದ ದೇವಿರಮ್ಮ, ನನ್ನ ಕಥೆ ಕೇಳಿದವಳು, ಮಧ್ಯಾಹ್ನ ಮತಗಟ್ಟೆಯ ಕಡೆಗೇ ಹೋಗಲಿಲ್ಲ. ಅವಳ ಮತ ಯಾವ ಲೆಕ್ಕಕ್ಕೆ?

ಇಷ್ಟಾದರೂ ನುಂಗಿಕೊಳ್ಳುತ್ತಿದ್ದೆ. ಮತ ಹೋದರೆ ಐದು ವರ್ಷಕ್ಕೆ ಇನ್ನೊಂದು ಬರುತ್ತದೆ. ಆದರೆ ಬಾಗಿಲ ಹತ್ತಿರ ನಿಂತಿದ್ದ ನನ್ನ ತಾಯಿ ಎಲ್ಲವನ್ನೂ ಕೇಳಿಸಿಕೊಂಡರು. ಮನೆಗೆ ಬಂದು, ಸೆರಗು ಸರಿಮಾಡಿಕೊಂಡು, ನನ್ನ ಮುಖ ನೋಡದೆ ಕೇಳಿದರು:

"ಬೆಳಿಗ್ಗೆ ಅಷ್ಟೊತ್ತು ಎಲ್ಲಿಗೋಗಿದ್ದೆ ಮೇರಿ?"

ನನ್ನ ಕೈಗೆ ದಿನವೂ ಸೀಗೆಪುಡಿ ಹಾಕಿ ಉಜ್ಜಿದವರು ಅವರೇ. ಅವರೇ ಕೇಳಿದರು. ಹೇಳಿದೆ, ಅತ್ತುಬಿಟ್ಟೆ, ಜಗಳವಾಡಿದೆ. ಸರ್ಕಾರದವರು ಅಷ್ಟು ಜನರ ಮುಂದೆ ಸುಮ್ಮಸುಮ್ಮನೆ ಹೇಳುತ್ತಾರೆಯೇ ಎಂಬುದು ಅವರ ವಾದ. ಈಗ ನಮ್ಮ ಕ್ರೈಸ್ತರಿಗೆ ಉಪವಾಸದ ತಪಸ್ಸುಕಾಲ. ಈಸ್ಟರ್‌ಗೆ ಮೊದಲು ಪಾದ್ರಿಗಳ ಬಳಿ ಪಾಪನಿವೇದನೆ ಮಾಡಿಕೊಂಡು ಬಾ ಎಂದು ದಿನವೂ ಹೇಳುತ್ತಾರೆ. ಏನನ್ನು ನಿವೇದಿಸಿಕೊಳ್ಳಲಿ? ಮಾಡದ ಪಾಪವನ್ನು ಮಾಡಿದೆನೆಂದರೆ ಆ ಸುಳ್ಳೇ ಪಾಪ. ಮಾಡಲಿಲ್ಲವೆಂದರೆ ಮನೆಯಲ್ಲಿ ನಂಬುವವರಿಲ್ಲ. ಬೆರಳಿನ ಅವತ್ತಿನ ಕಪ್ಪು ಉಗುರು ಬೆಳೆದ ಹಾಗೆ ಹೋಗುತ್ತಿದೆ. ಅಮ್ಮನ ಮನಸ್ಸಿಗೆ ನಿಮ್ಮವರು ಹಚ್ಚಿದ್ದು ಹೋಗುತ್ತಿಲ್ಲ. ನನಗೆ ಸಿಟ್ಟು ಬಂದಿರುವುದು ಇದಕ್ಕೆ, ಮತಕ್ಕಲ್ಲ.

ಆದ್ದರಿಂದ ಕೇಳುತ್ತೇನೆ. ಮುಂದಿನ ಚುನಾವಣೆಗೆ ಮೊದಲು, ಶಾಯಿ ಮುಟ್ಟುವ ಕೆಲಸದವರಿಗೆ ಕಾರ್ಖಾನೆಯಿಂದ ಒಂದು ಚೀಟಿ ಕೊಡಿಸಿ, ಬೇರೆ ಬೆರಳಿಗೆ ಗುರುತು ಹಾಕಿ ಮತಪತ್ರ ಕೊಡಬೇಕೆಂದು ಪ್ರತಿ ಮತಗಟ್ಟೆಗೂ ಲಿಖಿತ ಆಜ್ಞೆ ಹೋಗಲಿ. ಬೆರಳಿಗೂ ಪಟ್ಟಿಗೂ ಹೊಂದಿಕೆಯಾಗದಿದ್ದರೆ, ಬೈಯುವ ಮೊದಲು ವಿಚಾರಿಸುವುದನ್ನು ನಿಮ್ಮವರಿಗೆ ಕಲಿಸಿ. ಇದು ದೇಶದ ಕೆಲಸ, ನಿಧಾನವಾಗಿ ಮಾಡಿ. ನನ್ನ ಕೆಲಸಕ್ಕೆ ಮಾತ್ರ ಗಡುವಿದೆ. ಗುಡ್ ಫ್ರೈಡೆಗೆ ಮೊದಲು ಆ ಮತಗಟ್ಟೆಯ ಪಟ್ಟಿಯನ್ನು ತೆರೆಸಿ, ನನ್ನ ಹೆಸರಿಗೆ ಗೆರೆ ಎಳೆದಿಲ್ಲ, ಈಕೆ ಎಲ್ಲಿಯೂ ಮತ ಹಾಕಿದ ದಾಖಲೆ ಇಲ್ಲ ಎಂದು ಎರಡು ಸಾಲು ಬರೆಸಿ ಕಳಿಸಿ. ಕಾಗದ ನನ್ನ ಹೆಸರಿಗೆ ಬೇಡ, ಕ್ಯಾಥರೀನಮ್ಮನವರ ಹೆಸರಿಗೆ ಬರಲಿ. ಅವರಿಗೆ ಓದಲು ಬರುವುದಿಲ್ಲ. ಸರ್ಕಾರದ ಮೊಹರು ದೊಡ್ಡದಾಗಿ, ಕಾಣುವ ಹಾಗೆ ಒತ್ತಿಸಿ. ಮಗಳ ಮಾತಿಗಿಂತ ಅದನ್ನು ನಂಬುತ್ತಾರೆ.

ಇಂತಿ,
ನಿಮ್ಮ ಸೀಸೆಗಳಿಗೆ ಇನ್ನೂ ಅರಗು ಹಾಕುತ್ತಿರುವ,
ಮತ ಹಾಕದ ಮತದಾರಳು
ಆರೋಗ್ಯಮೇರಿ
ನಜರ್‌ಬಾದ್