ನಾಲ್ಕನೆಯ ಸಾಕ್ಷಿ

ತಾ. ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕನಿಗೆ,

ನಿನ್ನ ಮೂರು ಕಾಗದಗಳೂ ಬಂದಿವೆ. ಮೂರಕ್ಕೂ ಸೇರಿಸಿ ಒಂದೇ ಉತ್ತರ, ಬೈಯಬೇಡ. ಪೆನ್ನು ಹಿಡಿದರೆ ಕೈ ಸೋಲುತ್ತದೆ. ಊಟ ಮಾಡುತ್ತಿದ್ದೇನೆ, ನಿದ್ದೆ ಅಷ್ಟಕ್ಕಷ್ಟೆ.

ಕೋರ್ಟಿಗೆ ನಾಲ್ಕು ಸಲ ಹೋಗಿಬಂದೆ. ನಾಳೆ ನನ್ನ ಸಾಕ್ಷಿಯಂತೆ. ಬಾಗಿಲಿಗೆ ಅಂಟಿಸಿದ ಪಟ್ಟಿಯಲ್ಲಿ ಸರ್ಕಾರದ ಹೆಸರಿದೆ, ಮಿಷನ್ ಆಪರೇಟರನ ಹೆಸರಿದೆ. ನಮ್ಮ ಮನೆಯವರ ಹೆಸರು ಎಲ್ಲೂ ಇಲ್ಲ. ಸರ್ಕಾರಿ ವಕೀಲೆಯನ್ನು ಕೇಳಿದೆ.

"ಕೇಸು ನಿಮ್ದಲ್ಲಮ್ಮ, ಸರ್ಕಾರದ್ದು. ನೀವು ನಾಲ್ಕನೇ ಸಾಕ್ಷಿ."

"ಸತ್ತಿದ್ದು ನನ್ನ ಗಂಡ ಅಲ್ವಾ?"

ಪಾಪ, ಆಕೆ ಫೈಲು ಮುಚ್ಚಿ ಬೆಂಚಿನ ಮೇಲೆ ನನ್ನ ಪಕ್ಕ ಕೂತರು. ಹಿಂದಿನ ಕಾಲದಲ್ಲಿ ಎಷ್ಟೋ ಕಡೆ ಸತ್ತವನ ಮನೆಯವರೇ ಸೇಡು ತೀರಿಸಿಕೊಳ್ಳುತ್ತಿದ್ದರಂತೆ, ಇಲ್ಲವೇ ದನಕರು ತೆಗೆದುಕೊಂಡು ಸುಮ್ಮನಾಗುತ್ತಿದ್ದರಂತೆ. ಹಗೆ ಮೊಮ್ಮಕ್ಕಳವರೆಗೂ ಹರಿಯುತ್ತಿತ್ತು. ಕೊನೆಗೆ ಆಳುವವರು, ಈ ಜಗಳ ಇನ್ನು ನಮ್ಮದು ಎಂದು ಎತ್ತಿಕೊಂಡರಂತೆ. ನನಗೆ ಸಮಾಧಾನವೇ ಆಯಿತು ಅಕ್ಕ. ಹಗೆ ಸಾಧಿಸುವ ತ್ರಾಣ ನನ್ನಲ್ಲಿಲ್ಲ.

ಅಪರಾಧ ಅಂದರೆ ಎರಡನ್ನು ನೋಡಬೇಕಂತೆ: ಕೈ ಏನು ಮಾಡಿತು, ಮನಸ್ಸಿನಲ್ಲಿ ಏನಿತ್ತು. ಕೊಲ್ಲುವ ಮನಸ್ಸಿದ್ದರೆ ಕೊಲೆ. ಇಲ್ಲಿ ಅದಿಲ್ಲ, ಎಚ್ಚರವಾಗಿರಬೇಕಾದವನು ಇರಲಿಲ್ಲ, ಅದು ನಿರ್ಲಕ್ಷ್ಯ. ಅದಕ್ಕೂ ಜೈಲಿದೆ.

ಇವರು ಕೆಲಸ ಮಾಡುತ್ತಿದ್ದ ಆ ಲಾಂಡ್ರಿ ನೀನು ನೋಡಿಲ್ಲ. ಆಸ್ಪತ್ರೆಯ ಹೊದಿಕೆಗಳನ್ನು ಒಗೆಯುವ ಪೀಪಾಯಿಗಳು ಆಳೆತ್ತರ. ಬಟ್ಟೆ ಸಿಕ್ಕಿಕೊಂಡರೆ ಮನುಷ್ಯನೇ ಒಳಗೆ ಹೋಗಬೇಕು. ಹೋಗುವವನು ತನ್ನ ನಂಬರಿನ ಹಿತ್ತಾಳೆ ಬಿಲ್ಲೆಯನ್ನು ಸ್ವಿಚ್ಚಿನ ಕೊಕ್ಕೆಗೆ ಹಾಕಬೇಕು. ಅವನೇ ಬಂದು ತೆಗೆಯುವ ತನಕ ಬೇರೆ ಯಾರೂ ಸ್ವಿಚ್ಚು ಮುಟ್ಟುವಂತಿಲ್ಲ. ಅವತ್ತು ಇವರು ಒಳಗಿದ್ದಾಗಲೇ ಆಪರೇಟರ್ ಸ್ವಿಚ್ಚು ಹಾಕಿದ. ಬಿಲ್ಲೆ ಇರಲೇ ಇಲ್ಲ ಅನ್ನುತ್ತಾನೆ. ಬಿಲ್ಲೆ ಗಮನಿಸದೆ ಸ್ವಿಚ್ಚು ಹಾಕಿ, ಆಮೇಲೆ ತಪ್ಪು ಮುಚ್ಚಲು ಅವನೇ ಅದನ್ನು ಕಿತ್ತು ಬಿಸಾಡಿದ ಎಂದು ಸರ್ಕಾರದ ವಾದ. ಇಪ್ಪತ್ತೆರಡು ವರ್ಷದಲ್ಲಿ ಇವರು ಒಮ್ಮೆಯೂ ಬಿಲ್ಲೆ ಮರೆತವರಲ್ಲ ಎಂದು ಪೊಲೀಸರಿಗೆ ನಾನೇ ಹೇಳಿಕೆ ಕೊಟ್ಟಿದ್ದೇನೆ.

ಕಳೆದ ಸಲ ಆಪರೇಟರನ ಹೆಂಡತಿ ನನ್ನ ಎದುರಿಗೇ ಕೂತಿದ್ದಳು.

"ಇಬ್ರೂ ಒಂದೇ ಡಬ್ಬೀಲಿ ಉಂಡೋರು ಅಕ್ಕಾ. ಬೇಕಂತ ಮಾಡ್ತಾರಾ?"

"ಬೇಕಂತ ಮಾಡ್ದ ಅಂತ ಯಾರೂ ಅಂದಿಲ್ಲ," ಎಂದೆ, ದೊಡ್ಡ ಕಾನೂನು ಓದಿದವಳ ಹಾಗೆ.

"ಕಣ್ಣಿಗೆ ಕಾಣದ ಬಿಲ್ಲೇನ ಎಲ್ಲಿಂದ ತಂದು ತೋರ್ಸೋದು, ನೀವೇ ಹೇಳಿ," ಎಂದಳು. ಆಮೇಲೆ ತನ್ನ ನೀರಿನ ಬಾಟಲಿಯನ್ನು ನನ್ನ ಕಡೆ ಸರಿಸಿದಳು. ಕುಡಿದೆ.

ಭಾವನ ಮಂಡಿನೋವು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಅನ್ನು, ಕೇಳುವ ಆಸಾಮಿಯಲ್ಲ. ಮಕ್ಕಳು ನೂರು ಕಾಲ ಚೆನ್ನಾಗಿರಲಿ.

ನಿನ್ನ ಪುಟ್ಟಿ

ತಾ.ಕ.: ಬಿಲ್ಲೆ ನನ್ನ ಹತ್ತಿರ ಇದೆ. ಅವತ್ತು ಬೆಳಿಗ್ಗೆ ಶರ್ಟು ನೆನೆಹಾಕುವಾಗ ಜೇಬಿನಿಂದ ತೆಗೆದಿಟ್ಟವಳು ನಾನು. ಬೇರೆ ಶರ್ಟು ಕೊಟ್ಟೆ, ಬಿಲ್ಲೆ ಹಾಕಲು ಮರೆತೆ. ಐದು ನಿಮಿಷದ ಕೆಲಸ ಎಂದು ಇವರು ಬಿಲ್ಲೆಯಿಲ್ಲದೆ ಹಾಗೆಯೇ ಒಳಗೆ ಇಳಿದಿರಬೇಕು. ಹೇಳಿಕೆ ಕೊಟ್ಟ ವಾರಕ್ಕೆ ಸೋಪಿನ ಡಬ್ಬದ ಹಿಂದೆ ಸಿಕ್ಕಿತು. ಮರೆತದ್ದು ಕೈ, ಅಂದುಕೊಳ್ಳಬಹುದು. ಒಂಬತ್ತು ತಿಂಗಳು ಬಾಯಿ ಮುಚ್ಚಿಕೊಂಡಿದ್ದು ಮನಸ್ಸೇ ಅಲ್ಲವೇ? ನಾಳೆ ಅದನ್ನು ಕೈಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಹೇಳಿ ಆಗಿರುತ್ತದೆ. ಬೇಡ ಅನ್ನಲು ನಿನಗೆ ಸಮಯ ಸಿಗಬಾರದೆಂದೇ ಇಷ್ಟು ತಡಮಾಡಿದೆ.