ನಿಮ್ಮ ಎರಡನೆಯ ಮೆಸೇಜು

ರೇವತಕ್ಕ,

ಮರಿ ಅಡ್ಮಿನ್ ಬರೆಯುತ್ತಿದ್ದೇನೆ. ನೀವು ಇಟ್ಟ ಹೆಸರು, ಈಗ ಯಾರೂ ಹಾಗೆ ಕರೆಯುವುದಿಲ್ಲ. ಸ್ವೀಡನ್ ಕನ್ನಡಿಗರ ನಮ್ಮ ಗ್ರೂಪಿನಲ್ಲಿ ನಿಮ್ಮ ಹೆಸರಿನ ಪಕ್ಕ ಇನ್ನೂ ಅಡ್ಮಿನ್ ಎಂದೇ ಇದೆ, ತೆಗೆಯಲು ನನಗೆ ಕೈ ಬಂದಿಲ್ಲ. ನಿಮ್ಮ ನಂಬರಿಗೆ ಕಳಿಸಿದರೆ ಒಂದೇ ಟಿಕ್ಕಿಗೆ ನಿಂತುಬಿಡುತ್ತದೆ. ಆ ಒಂಟಿ ಟಿಕ್ಕನ್ನು ನೋಡುತ್ತಾ ಕೂರುವ ಶಕ್ತಿ ಇಲ್ಲ, ಅದಕ್ಕೇ ಕಾಗದ. ಅಕ್ಕ, ನಾನು ದೊಡ್ಡ ತಪ್ಪು ಮಾಡಿದ್ದೇನೆ. ನೀವು ಹೋದ ಮೇಲೆ ಗ್ರೂಪಿಗೆ ಬಂದ ವೆಸ್ಟೆರಾಸ್‌ನ ಹರೀಶಣ್ಣನ ಅಪ್ಪನಿಗೆ ಬುಧವಾರ ಊರಲ್ಲಿ ಹಾರ್ಟ್ ಆಪರೇಷನ್. ಮಗ ಬಾರದೆ ಮಾಡಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದು ಕೂತರು. ಮಗನ ವಿಮಾನ ನಿನ್ನೆ ಹೋಯಿತು, ಮಗನನ್ನು ಇಲ್ಲೇ ಬಿಟ್ಟು. ಕಾರಣ ನಾನು. ಇದನ್ನು ನಿಮಗಲ್ಲದೆ ಇನ್ನು ಯಾರಿಗೆ ಹೇಳಲಿ?

ನಿಮ್ಮನ್ನು ಮೊದಲ ಸಲ ನೋಡಿದ್ದು ನಮ್ಮ ಬಿಲ್ಡಿಂಗಿನ ನೆಲಮಾಳಿಗೆಯಲ್ಲಿ. ಎಲ್ಲ ಮನೆಯವರೂ ಸರದಿ ಬುಕ್ ಮಾಡಿಕೊಂಡು ಬಟ್ಟೆ ಒಗೆಯುವ ಆ ರೂಮು. ನಾವು ಆಗಷ್ಟೇ ಸೋಲ್ನಾಕ್ಕೆ ಮನೆ ಬದಲಾಯಿಸಿದ್ದೆವು. ನನಗೆ ಹದಿನಾರು, ಅಮ್ಮ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಿದ್ದ ಕಾಲ. ನೀವು ಬುಟ್ಟಿಯನ್ನು ಬೋರಲು ಹಾಕಿಕೊಂಡು ಕೂತು, ತಿರುಗುವ ಮಷೀನಿನ ಮುಂದೆ ಫೋನಿಗೆ ಕನ್ನಡದಲ್ಲಿ ಮಾತಾಡುತ್ತಿದ್ದಿರಿ. ಯಾರದೋ ಪರ್ಮಿಟ್ಟು, ಯಾರದೋ ಮಗುವಿಗೆ ದಾಗಿಸ್, ಅಂದರೆ ಶಿಶುವಿಹಾರದ ಕ್ಯೂ. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದೆ. "ಅರ್ಥ ಆಗ್ತಿದೆ ತಾನೆ? ಹಾಗಾದ್ರೆ ಈ ಬೆಡ್‌ಶೀಟಿನ ಆ ಕಡೆ ಹಿಡ್ಕೋ" ಎಂದಿರಿ. ಅವತ್ತಿಂದ ನಾನು ನಿಮ್ಮ ಫ್ಯಾನ್. ಗ್ರೂಪಿಗೆ ಸೇರಿಸಿದಿರಿ. ಮರೆತೇಹೋಗಿದ್ದ ಕನ್ನಡವನ್ನು ನಾನು ಓದಲು ಬರೆಯಲು ಮತ್ತೆ ಕಲಿತಿದ್ದು ಆ ಗ್ರೂಪಿನಲ್ಲೇ ಅಲ್ಲವಾ, ಜನ ಕೇಳುವ ಪ್ರಶ್ನೆಗಳನ್ನು ನೋಡಿ ನೋಡಿ. ಬೇರೆಯವರು ಕಥೆಪುಸ್ತಕದಲ್ಲಿ ಕಲಿತರೆ ನಾನು ವೀಸಾ ಫಾರ್ಮಿನಲ್ಲಿ ಕಲಿತೆ.

ಗ್ರೂಪಿನಲ್ಲಿ ಯಾರು ಏನು ಕೇಳಿದರೂ ನೀವು ಎರಡು ವಾಯ್ಸ್ ಮೆಸೇಜ್ ಕಳಿಸುತ್ತಿದ್ದಿರಿ. ಮೊದಲನೆಯದು ಸ್ವೀಡನ್ ಮಾತು, ಎರಡನೆಯದು ನಮ್ಮೂರ ಮಾತು. ಒಂದರಲ್ಲೇ ಹೇಳಿಬಿಡಬಾರದಾ ಎಂದು ನಾನೇ ಕೇಳಿದ್ದೆ. ಮೊದಲನೆಯದು ಕೇಳಿ ಒಂದು ಉಸಿರು ತಗೊಳ್ಳಲಿ, ಆಮೇಲೆ ಎರಡನೆಯದು ಕೇಳಲಿ, ಒಟ್ಟಿಗೆ ಹೇಳಿದರೆ ಜನ ತಮಗೆ ಬೇಕಾದ್ದನ್ನು ಮಾತ್ರ ಹಿಡಿದುಕೊಳ್ಳುತ್ತಾರೆ ಎಂದಿರಿ. ಬೇಕಾದ್ದನ್ನು ಮಾತ್ರ. ನನ್ನನ್ನು ನೋಡಿಯೇ ಹೇಳಿದಿರಾ ಅಕ್ಕ?

ಹೋದ ಶರತ್ಕಾಲದಲ್ಲಿ ಯಾರೋ ಸಿಟಿಜನ್‌ಶಿಪ್ ಬಗ್ಗೆ ಕೇಳಿದಾಗ ನಿಮಗಾಗಲೇ ಚೆನ್ನಾಗಿರಲಿಲ್ಲ. ಆದರೂ ಬುಟ್ಟಿಯ ಮೇಲೆ ಕೂತು ಎರಡೂ ಕಳಿಸಿದಿರಿ. ಮೊದಲನೆಯದು ನನಗೆ ಬಾಯಿಪಾಠ. "ಸ್ವೀಡನ್ ಮಾತು ಕೇಳಿ. ಇವ್ರಿಗೆ ನೀವು ಹಳೇದನ್ನ ಬಿಡ್ಬೇಕು ಅಂತ ಏನೂ ಇಲ್ಲ. ಇವ್ರ ಕಡೆಯಿಂದ ಎರಡೂ ಇಟ್ಕೋಬಹುದು. ಆರಾಮಾಗಿ ಹಾಕಿ ಅರ್ಜಿ." ಅಷ್ಟರಲ್ಲಿ ಮಷೀನು ಬೀಪ್ ಅಂತು, ನೀವು ನಕ್ಕಿರಿ. ಎರಡನೆಯದನ್ನು ಒತ್ತಿದೆ. ಎರಡು ಮಾತು ಆಡುವಷ್ಟರಲ್ಲಿ ಕೆಮ್ಮು. ಆ ಕೆಮ್ಮು ನೆಲಮಾಳಿಗೆಯ ಗೋಡೆಗೆ ಬಡಿದು ಬಡಿದು ಬರುತ್ತಿತ್ತು. ನಿಲ್ಲಿಸಿಬಿಟ್ಟೆ. ಆಮೇಲೆ ಯಾವತ್ತೂ ಅದನ್ನು ತೆರೆಯಲಿಲ್ಲ.

ಫೆಬ್ರವರಿಯಲ್ಲಿ ನೀವು ಹೋದ ಮೇಲೆ ನಾನೊಂದು ಫೋಲ್ಡರ್ ಮಾಡಿದೆ. ನಿಮ್ಮ ದನಿಯನ್ನೆಲ್ಲ ಒಂದೊಂದಾಗಿ ಉಳಿಸಿಕೊಂಡೆ. ನಕ್ಕಿದ್ದು, ಬೈದಿದ್ದು, "ಅವಲಕ್ಕಿ ಮಾಡಿದೀನಿ, ಫೀಕಾಗೆ ಬನ್ನಿ, ಕಾಫಿ ಜೊತೆ ಬನ್ನು ತಿಂದು ತಿಂದು ಸಾಕಾಗಿದೆ" ಅಂದಿದ್ದು. ಕೆಮ್ಮು ಇರುವುದನ್ನು ಮಾತ್ರ ಹಾಕಿಕೊಳ್ಳಲಿಲ್ಲ. ಇಷ್ಟೇ ನನ್ನ ತಪ್ಪು, ಹೇಳಿದರೆ ಎಷ್ಟು ಸಣ್ಣದು ನೋಡಿ. ನಿಜ ಹೇಳಬೇಕೆಂದರೆ ಬರೀ ಕೆಮ್ಮಲ್ಲ. ಒಂಬತ್ತನೇ ವಯಸ್ಸಿಗೆ ಇಲ್ಲಿಗೆ ಬಂದಾಗಿನಿಂದ ಶಾಲೆಯಲ್ಲಿ ಎಲ್ಲರೂ ನೀನು ಎಲ್ಲಿಯವಳು ಎಂದು ಕೇಳುತ್ತಿದ್ದರು, ದಾವಣಗೆರೆಗೆ ರಜಕ್ಕೆ ಹೋದರೆ ಅಲ್ಲೂ ಕೇಳುತ್ತಿದ್ದರು. ಕ್ಲಾಸಿನ ಅರ್ಧ ಮಕ್ಕಳ ಹತ್ತಿರ ಎರಡೆರಡು ಪಾಸ್‌ಪೋರ್ಟ್. ಎರಡೂ ಇಟ್ಕೋಬಹುದು ಎಂದು ಯಾರಾದರೂ ಹೇಳಲಿ ಎಂದು ನಾನು ಕಾಯುತ್ತಿದ್ದೆ. ನೀವೇ ಹೇಳಿಬಿಟ್ಟಿರಿ. ಇನ್ನು ಎರಡನೆಯದು ಯಾಕೆ ಬೇಕಿತ್ತು? ಮಾರ್ಚಿನಲ್ಲಿ ನಾನೂ ಅರ್ಜಿ ಹಾಕಿದೆ. ಅಮ್ಮ, ಇಂಡಿಯಾದ್ದು ಹೋಗಲ್ವಾ ಎಂದು ಕೇಳಿದಾಗ ರೇವತಕ್ಕನ ಮಾತಿಗಿಂತ ನಿನ್ನ ಮಾತು ಹೆಚ್ಚಾ ಎಂದು ಬಾಯಿ ಮುಚ್ಚಿಸಿದೆ.

ಹರೀಶಣ್ಣ ಗ್ರೂಪಿಗೆ ಬಂದಿದ್ದು ಅದೇ ತಿಂಗಳು. ಟ್ರಾನ್ಸ್‌ಫಾರ್ಮರ್ ಡಿಸೈನ್ ಮಾಡುವ ಇಂಜಿನಿಯರ್, ನಮ್ಮ ದಾವಣಗೆರೆಯವರೇ. ಸಿಟಿಜನ್‌ಶಿಪ್ ಕೈಗೆ ಬಂದಿದೆ, ಇಂಡಿಯನ್ ಪಾಸ್‌ಪೋರ್ಟ್ ಏನು ಮಾಡೋದು, ಆಫೀಸಿನಲ್ಲಿ ಬೇರೆ ದೇಶದವರೆಲ್ಲ ಎರಡೂ ಇಟ್ಟುಕೊಂಡಿದ್ದಾರೆ ಎಂದು ಬರೆದರು. ನೀವಿದ್ದಿದ್ದರೆ ಉತ್ತರ ಕೊಡುತ್ತಿದ್ದಿರಿ. ನೀವಿಲ್ಲವಲ್ಲ, ನಿಮ್ಮ ದನಿಯಲ್ಲೇ ಉತ್ತರ ಹೋಗಲಿ ಎಂದು ಫೋಲ್ಡರಿನಿಂದ ಆ ಮೊದಲನೆಯ ಮೆಸೇಜನ್ನು ಕಳಿಸಿದೆ. ಎಷ್ಟು ಹೆಮ್ಮೆಯಿಂದ ಕಳಿಸಿದೆ ಗೊತ್ತಾ? ಸತ್ತ ಮೇಲೂ ಅಕ್ಕ ಕೆಲಸ ಮಾಡುತ್ತಿದ್ದಾರೆ ಎಂದುಕೊಂಡೆ.

ಮೊನ್ನೆ ಗುರುವಾರ ಅವರು ಫೋಟೋ ಹಾಕಿದರು. ಊಟದ ಮೇಜಿನ ಮೇಲೆ ಎರಡು ಪಾಸ್‌ಪೋರ್ಟ್ ಅಕ್ಕಪಕ್ಕ. ಶನಿವಾರ ಹೊರಡುತ್ತಿದ್ದೇನೆ, ಅಪ್ಪನ ಆಪರೇಷನ್ನು, ಇಲ್ಲಿಂದ ಹೊರಡುವಾಗ ಸ್ವೀಡನ್ನಿನ ಕೆಂಪು ತೋರಿಸುತ್ತೇನೆ, ಬೆಂಗಳೂರಲ್ಲಿ ಇಳಿದಾಗ ಇಂಡಿಯಾದ ನೀಲಿ, ಅಕ್ಕ ಹೇಳಿದ ಹಾಗೆ ಎಂದು ಬರೆದಿದ್ದರು. ನಾನು ಅದಕ್ಕೆ ಹಾರ್ಟ್ ಒತ್ತಿದೆ. ಐದು ನಿಮಿಷಕ್ಕೆ ಗ್ರೂಪಿನ ಹಳಬರು, ಮೋಲ್ನ್‌ಡಾಲ್‌ನ ಒಬ್ಬರು ನನಗೊಬ್ಬಳಿಗೇ ಮೆಸೇಜ್ ಮಾಡಿದರು. "ರೇವತಿಯವ್ರ ಎರಡನೇ ಮೆಸೇಜ್ ಎಲ್ಲಿ?" ಅಷ್ಟೇ.

ಅವತ್ತು ಆಫೀಸಿನ ಬಾತ್‌ರೂಮಿನಲ್ಲಿ ನಿಂತು ಮೊದಲ ಸಲ ಪೂರ್ತಿ ಕೇಳಿದೆ. "ಈಗ ನಮ್ಮೂರ ಮಾತು. ಇಂಡಿಯಾ ಎರಡು ಒಪ್ಪಲ್ಲ." ಕೆಮ್ಮು. "ಇಲ್ಲಿಯದು ಬಂದ ದಿನಾನೇ ಅಲ್ಲಿಯದು ಹೋಯ್ತು. ಆಮೇಲೆ ಆ ಪಾಸ್‌ಪೋರ್ಟ್ ತೋರಿಸೋದು ಅಪರಾಧ. ಒಪ್ಪಿಸಿ, ಸರ್ಟಿಫಿಕೇಟ್ ತಗೊಂಡು, ವೀಸಾನೋ ಓಸಿಐನೋ ಮಾಡಿಸ್ಕೊಳ್ಳಿ. ಓಸಿಐ ಅಂದ್ರೆ ಸಿಟಿಜನ್ ಅಲ್ಲ, ಕಾಯಂ ನೆಂಟ ಅಷ್ಟೇ." ಮತ್ತೆ ಕೆಮ್ಮು, ಉದ್ದಕ್ಕೆ. ಮುಗಿಯಿತೆಂದುಕೊಂಡೆ. ಮುಗಿದಿರಲಿಲ್ಲ. ಕೆಮ್ಮು ನಿಂತ ಮೇಲೆ ನೀವು ನನ್ನ ಜೊತೆ ಮಾತಾಡಿದ್ದಿರಿ. "ಮರಿ ಅಡ್ಮಿನ್, ಎರಡನ್ನೂ ಒಟ್ಟಿಗೆ ಪಿನ್ ಮಾಡೇ. ಅರ್ಧ ಕೇಳಿ ಓಡೋ ಜನ."

ಅಕ್ಕ, ಆರು ತಿಂಗಳು ನನ್ನ ಫೋನಿನಲ್ಲೇ ಇತ್ತು. ನನ್ನ ಹೆಸರು ಹಿಡಿದು ಕರೆದಿದ್ದಿರಿ. ನಾನು...

ಟ್ರೇನ್ ಹತ್ತಿ ವೆಸ್ಟೆರಾಸ್‌ಗೆ ಹೋದೆ. ಇಂಥದ್ದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ. ಹಾಲಿನಲ್ಲಿ ಸೂಟ್‌ಕೇಸ್ ತೆರೆದಿತ್ತು, ಅಪ್ಪನಿಗೆಂದು ಕೊಂಡ ಉಣ್ಣೆಯ ಸಾಕ್ಸು ಮೇಲೇ ಇತ್ತು. ಹೇಳಿದೆ. ಹರೀಶಣ್ಣ ಸಾಕ್ಸಿನ ಲೇಬಲ್ಲು ಕೀಳುತ್ತಾ ಕೂತರು. ಅವರ ಹೆಂಡತಿ ಸೌಮ್ಯಕ್ಕ ನನ್ನನ್ನೇ ನೋಡುತ್ತಿದ್ದರು. "ಇದನ್ನ ಹೇಳೋಕೆ ಇಷ್ಟು ದೂರ ಬಂದ್ಯಾ? ಒಂದು ಮೆಸೇಜ್ ಫಾರ್ವರ್ಡ್ ಮಾಡಿದ್ರೆ ಆಗ್ತಿತ್ತು. ಅದ್ರಲ್ಲಿ ನೀನು ಫಾಸ್ಟ್ ಅಲ್ವಾ." ಆಮೇಲೆ ಎದ್ದು ಟೀ ತಂದು ನನ್ನ ಮುಂದೆ ಇಟ್ಟರು. ಆ ಟೀ ಕುಡಿಯುವುದು ಬೈಗುಳಕ್ಕಿಂತ ಕಷ್ಟವಾಯಿತು. ಸುಮ್ಮನೆ ನೀಲಿ ತೋರಿಸಿ ಹೋಗಿಬಿಟ್ಟರೆ ಯಾರಿಗೆ ಗೊತ್ತಾಗುತ್ತೆ ಎಂದು ಹರೀಶಣ್ಣ ಒಂದೇ ಸಲ ಕೇಳಿದರು. ಸಿಕ್ಕಿಬಿದ್ದರೆ ಅಪ್ಪನ ಹತ್ತಿರ ಹೋಗುವ ಬದಲು ಏರ್‌ಪೋರ್ಟಿನಲ್ಲೇ ಕೂರಬೇಕಾಗುತ್ತೆ ಎಂದು ಉತ್ತರವನ್ನೂ ಅವರೇ ಹೇಳಿಕೊಂಡರು.

ಶುಕ್ರವಾರ ಬೆಳಿಗ್ಗೆ ನಾನೂ ಹರೀಶಣ್ಣನೂ ಇಂಡಿಯಾದ ರಾಯಭಾರ ಕಚೇರಿಗೆ ಹೋದೆವು. ಕೌಂಟರಿನಲ್ಲಿದ್ದವರು ಒಳ್ಳೆಯವರು, ಬೈಯಲಿಲ್ಲ. ಹಳೆಯ ಪಾಸ್‌ಪೋರ್ಟ್ ತೆಗೆದುಕೊಂಡರು, ಆಸ್ಪತ್ರೆಯ ಪತ್ರ ಕೇಳಿದರು, ತುರ್ತು ವೀಸಾಕ್ಕೆ ಬರೆದುಕೊಂಡರು. ಸೋಮವಾರ ಒಂಬತ್ತಕ್ಕೆ ಬನ್ನಿ, ನೋಡೋಣ ಎಂದರು. ಕೊಡುತ್ತೇವೆ ಎನ್ನಲಿಲ್ಲ. ನೀಲಿ ಪುಸ್ತಕ ಆ ಕಡೆ ಹೋದಾಗ ಹರೀಶಣ್ಣನ ಕೈ ಒಂದು ಕ್ಷಣ ಅದರ ಹಿಂದೆಯೇ ಹೋಯಿತು, ಗಾಜಿಗೆ ತಗುಲಿ ನಿಂತಿತು. ನನ್ನದೂ ಒಂದು ದಿನ ಹಾಗೇ ಹೋಗುತ್ತದಾ? ಅರ್ಜಿ ವಾಪಸ್ ತೆಗೆಯಲಾ? ನೀವೇನು ಹೇಳುತ್ತಿದ್ದಿರಿ?

ನಿನ್ನೆ ವಿಮಾನ ಹೋಯಿತು. ಇವತ್ತು ಬೆಳಿಗ್ಗೆ ಹರೀಶಣ್ಣ ಫೋನ್ ಮಾಡಿದರು. ಅಪ್ಪ ನನ್ನ ತಂಗಿಯ ಮನೆಯಲ್ಲಿದ್ದಾರೆ, ಆಸ್ಪತ್ರೆಗೆ ಸೇರಲು ಒಪ್ಪುತ್ತಿಲ್ಲ, ನಾನು ಬರದಿರೋಕೆ ನೆಪ ಹೇಳ್ತಿದೀನಿ ಅನ್ಕೊಂಡಿದ್ದಾರೆ, ಡಾಕ್ಟರ್ ಒಂದು ವಾರವೂ ತಳ್ಳಬೇಡಿ ಎಂದಿದ್ದಾರೆ ಎಂದರು. ಕೊನೆಗೆ, "ನೀನೇ ಮಾತಾಡು ನಿಧಿ. ನನ್ನ ಮಾತು ಕೇಳ್ತಿಲ್ಲ" ಎಂದು ನಂಬರ್ ಕೊಟ್ಟರು.

ಅವರಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ ಅಕ್ಕ. ಬಟ್ಟೆ ಒಗೆಯುವ ರೂಮು, ನೀವು, ಫೋಲ್ಡರು, ನಾನು ಬಿಟ್ಟ ಅರ್ಧ. ಆ ತಾತ ಪೂರ್ತಿ ಕೇಳಿಸಿಕೊಂಡರು.

"ಹಂಗಾರೆ ನನ್ನ ಮಗ ಈಗ ಯಾವ ದೇಶದೋನು ತಾಯಿ?"

"ಕಾಗದದಲ್ಲಿ ಸ್ವೀಡನ್ನವರು, ತಾತ."

"ಆಮೇಲೆ?"

ಎರಡನೆಯ ಮಾತನ್ನೂ ಕೇಳಬೇಕೆಂದು ಅವರಿಗೆ ಹೇಗೆ ಹೊಳೆಯಿತು? ಒಂದು ಉಸಿರು ತೆಗೆದುಕೊಂಡೆ, ನೀವು ಹೇಳಿದ ಹಾಗೆ.

"ಆಮೇಲೆ, ನಿಮ್ಮನೆಗೆ ಬರೋಕೆ ಅವ್ರಿಗೆ ವೀಸಾ ಬೇಕು. ಅದಕ್ಕೇ ನಿನ್ನೆ ಬರ್ಲಿಲ್ಲ. ನೆಪ ಅಲ್ಲ ತಾತ. ಸೂಟ್‌ಕೇಸ್ ನಾನು ನೋಡಿದೀನಿ. ನಿಮಗೆ ಸಾಕ್ಸ್ ತಗೊಂಡಿದಾರೆ."

"ಮೂವತ್ತು ವರ್ಷ ಬಸ್ಸಲ್ಲಿ ಕಂಡಕ್ಟರ್ ಆಗಿದ್ದೆ. ಟಿಕೆಟ್ ಇಲ್ದೋರ್ನ ಎಷ್ಟು ಜನಾನ ಇಳಿಸಿದೀನೋ. ಈಗ ನನ್ನ ಮಗನ್ನೇ ಇಳಿಸಿದ್ರಲ್ಲ."

ನಗಲು ಹೋದರು. ಕೆಮ್ಮು ಬಂತು. ಅದೇ ಥರ ಕೆಮ್ಮು ಅಕ್ಕ, ಒಳಗಿನಿಂದ, ಮುಗಿಯದ್ದು. ನನ್ನ ಹೆಬ್ಬೆರಳು ತಾನಾಗಿಯೇ ಕೆಂಪು ಬಟನ್ನಿನ ಕಡೆ ಹೋಯಿತು. ಆಮೇಲೆ ಮಾಡುತ್ತೇನೆ ತಾತ ಎಂದು ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡೆ. ಎಷ್ಟು ಹೊತ್ತೋ ಗೊತ್ತಿಲ್ಲ. ಅಳುತ್ತಾ, ಒಂದೊಂದು ಕೆಮ್ಮನ್ನೂ ಕೇಳಿದೆ. ನಿಂತಿತು. ನೀರು ಕುಡಿದ ಸದ್ದು.

"ಇದೀಯಾ ತಾಯಿ?"

"ಇದೀನಿ."

"ಬುಧವಾರನೇ ಮಾಡಿಸ್ಕೊಂತೀನಿ ಅಂತ ಹೇಳು ಅವನಿಗೆ. ಅವಸರ ಮಾಡಿ ಇನ್ನೊಂದು ತಪ್ಪು ಮಾಡ್ಬೇಡ್ರಿ. ನಾನು ಕಣ್ಣು ಬಿಡೋ ಹೊತ್ತಿಗೆ ಇದ್ರೆ ಸಾಕು."

ಕೆಮ್ಮಿನ ಆಚೆ ಇತ್ತು ಈ ಮಾತೂ. ಇಟ್ಟುಬಿಟ್ಟಿದ್ದರೆ?

ನಾಳೆ ಒಂಬತ್ತಕ್ಕೆ ಹರೀಶಣ್ಣನ ಜೊತೆ ಆ ಕೌಂಟರಿನಲ್ಲಿ ಇರುತ್ತೇನೆ. ವೀಸಾ ಸಿಗುತ್ತದೋ ಇಲ್ಲವೋ ತಿಳಿಯದು. ಸಿಕ್ಕರೆ ನಾಳೆ ಸಂಜೆಯೇ ಒಂದು ವಿಮಾನವಿದೆ. ಗ್ರೂಪಿನಲ್ಲಿ ನಿಮ್ಮ ಎರಡೂ ಮೆಸೇಜುಗಳನ್ನು ಒಟ್ಟಿಗೆ ಪಿನ್ ಮಾಡಿದ್ದೇನೆ, ಕೆಮ್ಮನ್ನು ಕತ್ತರಿಸದೆ. ಕೆಳಗೆ ತಪ್ಪು ನನ್ನದು, ಅಕ್ಕನದಲ್ಲ ಎಂದು ಬರೆದಿದ್ದೇನೆ. ಅಮ್ಮನಿಗೂ ಹೇಳಿದೆ. ಅವಳು ನನ್ನ ನೀಲಿ ಪಾಸ್‌ಪೋರ್ಟನ್ನು ಬೀರುವಿನಿಂದ ತೆಗೆದು, ಒಂಬತ್ತನೇ ವಯಸ್ಸಿನ ನನ್ನ ಫೋಟೋ ಇರುವ ಮೊದಲನೆಯ ಪಾಸ್‌ಪೋರ್ಟಿನ ಜೊತೆ ಮೇಜಿನ ಮೇಲೆ ಇಟ್ಟು ಹೋದಳು. ನನ್ನ ಅರ್ಜಿಯ ಬಗ್ಗೆ ನಾನಿನ್ನೂ ಏನೂ ತೀರ್ಮಾನಿಸಿಲ್ಲ. ಈ ಸಲ ಪೂರ್ತಿ ಕೇಳಿ ತೀರ್ಮಾನಿಸುತ್ತೇನೆ.

ಫೋಲ್ಡರಿನಿಂದ ಬಿಟ್ಟ ನಿಮ್ಮ ಮೆಸೇಜುಗಳು ಇನ್ನೂ ಹನ್ನೊಂದು ಇವೆ. ಇವತ್ತು ಮಧ್ಯಾಹ್ನ ಬಟ್ಟೆ ಒಗೆಯುವ ರೂಮು ನಮ್ಮ ಹೆಸರಿಗೆ ಬುಕ್ ಆಗಿದೆ. ನಿಮ್ಮ ಬುಟ್ಟಿ ಅಲ್ಲೇ ಇದೆ, ಬೋರಲು ಹಾಕಿಕೊಂಡು ಕೂತು ಹನ್ನೊಂದನ್ನೂ ಕೇಳುತ್ತೇನೆ. ಕೆಮ್ಮು ಬಂದರೆ ನಿಲ್ಲಿಸುವುದಿಲ್ಲ ಅಕ್ಕ. ಆಮೇಲೆ ನೀವು ಏನಾದರೂ ಹೇಳಿರುತ್ತೀರಿ.

ನಿಮ್ಮ ಮರಿ ಅಡ್ಮಿನ್,
ನಿಧಿ